ದೊಡ್ಡಪ್ಪನ ‘ವೇರ್ ಆರ್ ಯೂ ಫ್ರಮ್?’

ಹುಲಿ ಬಂದರೆ ಮರ ಹತ್ತಬಹುದು, ಆನೆ ಬಂದರೆ ಬಂಡೆಯ ಸಂದಿಯಲ್ಲಿ ಅಡಗಬಹುದು. ನಮ್ಮ ದೊಡ್ಡಪ್ಪ ಎದುರಿಗೆ ಬಂದರೆ ಮಾತ್ರ ಬೇರೆ ದಾರಿಯೇ ಇಲ್ಲ! ಕೊಳ್ಳೇಗಾಲದಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಇಂಗ್ಲಿಷ್ ಮೇಷ್ಟ್ರಾಗಿದ್ದ ಅವರು ಯಾರನ್ನೂ ಹೊಡೆದವರಲ್ಲ, ಬೈದವರಲ್ಲ. ದಾರಿಗೆ ಅಡ್ಡ ನಿಂತು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, “ವೇರ್ ಆರ್ ಯೂ ಫ್ರಮ್?” ಎಂದು ಕೇಳುತ್ತಿದ್ದರು. ಅಷ್ಟೇ! ಅಷ್ಟಕ್ಕೇ ಗಿರಿಜಾ ಮೀಸೆಯವರ ಬಾಯಿಯ ಪಸೆಯೂ ಆರಿಹೋಗುತ್ತಿತ್ತು.

ಮನೆಯ ಪಾಡಂತೂ ಕೇಳಬೇಡಿ. ತಟ್ಟೆಗೆ ಬಿದ್ದ ಪದಾರ್ಥ ಯಾವ ಊರಿನದೆಂದು ಇಂಗ್ಲಿಷಿನಲ್ಲಿ ಹೇಳಿದ ಮೇಲೆಯೇ ಊಟ. “ದಿಸ್ ಜಾಗರಿ ಕಮ್ಸ್ ಫ್ರಮ್ ಕುಂತೂರ್” ಎಂದು ಮುಗಿಸುವಷ್ಟರಲ್ಲಿ ಬೆಲ್ಲದ ಆಸೆಯೇ ಸತ್ತಿರುತ್ತಿತ್ತು. ದೊಡ್ಡಪ್ಪನ ಸ್ವಂತ ತಂಗಿ, ಕೌದಳ್ಳಿಯ ನಮ್ಮತ್ತೆ, ಅವರೆಕಾಯಿ ಚೀಲ ಹೊತ್ತು ಬಂದಾಗ ಅಣ್ಣ ಜಗುಲಿಯಲ್ಲಿದ್ದರೆ ಕೊಟ್ಟಿಗೆಯ ಕಡೆಯಿಂದ ನುಸುಳುತ್ತಿದ್ದಳು. “ತವ್ರುಮನೆಗೆ ಬರಕೂ ಪರೀಕ್ಸೆ ಪಾಸಾಗ್ಬೇಕಾ ಅತ್ಗೆಮ್ಮಾ?” ಎಂದು ಅಮ್ಮನ ಕಿವಿಯಲ್ಲಿ ಗೊಣಗುತ್ತಿದ್ದಳು.

ಅಷ್ಟರಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದರು. ಮದ್ರಾಸಿಗೆ ಸೇರಿದ್ದ ಕೊಳ್ಳೇಗಾಲ ಬೆಳಗಾಗುವಷ್ಟರಲ್ಲಿ ಮೈಸೂರಿನದಾಯಿತು. “ಐ ಕಮ್ ಫ್ರಮ್ ಮದ್ರಾಸ್ ಸ್ಟೇಟ್” ಎಂದು ಉರುಹೊಡೆದಿದ್ದ ನಮ್ಮ ಗತಿ? “ಇವತ್ತಿಂದ ಮೈಸೂರ್ ಸ್ಟೇಟ್!” ಎಂದು ದೊಡ್ಡಪ್ಪ ಆಜ್ಞೆ ಹೊರಡಿಸಿದರು. ಹಾಲಿನವನು ಚೆಂಬು ಹಿಡಿದು ಕಂಗಾಲಾದ.

“ಅಲ್ಲಾ ಸಾ, ಊರೂ ಇಲ್ಲೇ ಅದೆ, ಎಮ್ಮೇನೂ ಇಲ್ಲೇ ಅದೆ. ನಾನ್ಯಾವಾಗ ಸಾ ಬೇರೆ ಕಡೆಯಿಂದ ಬಂದೆ?”

ದೊಡ್ಡಪ್ಪ ಕನ್ನಡಕವನ್ನು ಮೇಲೇರಿಸಿ, ಹಾಲಿನ ಚೆಂಬನ್ನು ಇಸಿದುಕೊಂಡು ಒಳಗೆ ನಡೆದರು.

ಆ ದಿನಗಳಲ್ಲೇ ಅವರ ಜೊತೆ ಯಳಂದೂರಿನ ನೆಂಟರ ಮನೆಗೆ ಹೋಗಿದ್ದೆ. ನಾನಿನ್ನೂ ಸಣ್ಣ ಹುಡುಗಿ. ಹಿಂದಿರುಗುವಾಗ ಸಂಜೆ, ಬಸ್ಸು ನಿಲ್ಲುವಲ್ಲಿ ಜನವೋ ಜನ. ದೊಡ್ಡಪ್ಪನದೇ ಎಂದುಕೊಂಡು ಒಂದು ಬಿಳಿ ಪಂಚೆಯ ಹಿಂದೆ ಬಸ್ಸು ಹತ್ತಿಬಿಟ್ಟೆ. ಪಂಚೆಯವರು ತಿರುಗಿದರೆ, ಯಾರೋ! ಬಸ್ಸು ಹೊರಡಲು ನಿಂತಿದ್ದು ಚಾಮರಾಜನಗರಕ್ಕೆ!

“ಯಾವೂರ್ ಮಗಾ ನಿಂದು?” ಎಂದು ಕಂಡಕ್ಟರ್ ಕೇಳಿದ.

ಎಂಥ ಸುಲಭದ ಪ್ರಶ್ನೆ! ಆದರೆ ಊರು ಕೇಳಿದ್ದೇ ತಡ, ಕೈಕಟ್ಟಿ ನೆಟ್ಟಗೆ ನಿಂತು, ಕಣ್ಣು ಮುಚ್ಚಿ ಒದರಿದೆ: “ಐ ಕಮ್ ಫ್ರಮ್ ಮದ್ರಾಸ್ ಸ್ಟೇಟ್!”

“ಅಯ್ಯಯ್ಯೋ! ಮದ್ರಾಸಿಂದ ಒಂಟಿಯಾಗಿ ಬಂದದಲ್ಲಪ್ಪಾ ಈ ಕೂಸು!” ಎಂದು ಮುಂದಿನ ಸೀಟಿನ ಅಜ್ಜಿ ಎದೆ ಬಡಿದುಕೊಂಡಳು. ಕಂಡಕ್ಟರ್ ತನಗೆ ಬಂದಷ್ಟು ತಮಿಳಿನಲ್ಲಿ ಸಮಾಧಾನ ಮಾಡತೊಡಗಿದ. ನನಗೆ ಇನ್ನೂ ಭಯ. ಇವರು ನನ್ನನ್ನು ಮದ್ರಾಸಿಗೇ ಕಳಿಸಿಬಿಟ್ಟರೆ? ಅಮ್ಮನನ್ನು ಇನ್ನು ನೋಡುವುದೇ ಇಲ್ಲವೇ? ಕನ್ನಡ ನಾಲಗೆಗೆ ಬರಲೊಲ್ಲದು. ಅದೇ ವಾಕ್ಯವನ್ನು ಬಿಕ್ಕುತ್ತಾ ಮತ್ತೆ ಹೇಳಿದೆ. ಕಂಡಕ್ಟರ್ ನನ್ನನ್ನು ಕೆಳಗಿಳಿಸಿ, “ಮದ್ರಾಸಿನ್ ಮಗಾ ಕಣ್ರಪ್ಪೋ! ಯಾರ್ದು?” ಎಂದು ಕೂಗಿದ.

ಜನರನ್ನು ತಳ್ಳಿಕೊಂಡು ದೊಡ್ಡಪ್ಪ ಓಡಿ ಬಂದರು. ಕಾಲಲ್ಲಿ ಚಪ್ಪಲಿಯಿಲ್ಲ, ಮೂಗಿನ ಮೇಲೆ ಕನ್ನಡಕವಿಲ್ಲ. ಕೆಟ್ಟೆ ಎಂದುಕೊಂಡೆ. ತಪ್ಪು ರಾಜ್ಯ ಹೇಳಿದ್ದೆನಲ್ಲ!

“ಇಲ್ಲ ದೊಡ್ಡಪ್ಪಾ... ಐ ಕಮ್ ಫ್ರಮ್ ಮೈಸೂರ್...” ಎಂದು ತೊದಲಿದೆ.

ಅವರು ನನ್ನನ್ನು ಬಾಚಿ ಎದೆಗೊತ್ತಿಕೊಂಡರು. ಆ ಎದೆ ನನ್ನದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

“ಎಲ್ಲಿಂದಾದ್ರೂ ಬಂದಿರು ಮಗಾ,” ಎಂದರು. “ಸಿಕ್ದೆಯಲ್ಲ, ಸಾಕು.”