ಆರದ ದೀಪದ ಕಾರು

ಕುಮೆದಾನ ಹೊಸ ಕಾರಿಗೆ ಸಕಲ ಸದ್ಗುಣಗಳೂ ಇದ್ದವು. ದೀಪ ಆರುವ ಗುಣವೊಂದನ್ನು ಬಿಟ್ಟು. ಮುಸ್ಸಂಜೆಯಾದರೆ ತಾನೇ ಹೊತ್ತಿಕೊಳ್ಳುತ್ತಿತ್ತು. ಹೊತ್ತಿದ ಮೇಲೆ ಬಿರುಗಾಳಿಯೇ ಬಂದು ಊದಿದರೂ ಜಪ್ಪಯ್ಯ ಎನ್ನುತ್ತಿರಲಿಲ್ಲ.

ಇದೇನು ಸಣ್ಣ ಸಂಗತಿಯೇ? ನಮ್ಮ ಯೊನಾಗೊ ಊರಿನಲ್ಲಿ ಸಿಗ್ನಲ್ಲಿಗೆ ನಿಂತಾಗ ಎದುರಿನವರ ಕಣ್ಣಿಗೆ ಚುಚ್ಚದಂತೆ ಹೆಡ್‌ಲೈಟ್ ಆರಿಸದವನಿಗೆ ಹೆಣ್ಣಿರಲಿ, ಬೆಕ್ಕಿನ ಮರಿಯನ್ನೂ ಯಾರೂ ಕೊಡುವುದಿಲ್ಲ. ಅದರಲ್ಲೂ ಮುದುಕ ಹಯಾಮಾ! ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದ, ಉಳಿದರ್ಧ ಊರನ್ನು ಫೇಲ್ ಮಾಡಿದ ಮಹಾನುಭಾವ. ಅವನ ಮಗಳು ಚಿಜುರು, ನಲವತ್ತು ದಾಟಿದ ಕುಮೆದಾನಿಗೆ ‘ಹೂಂ’ ಅಂದ ಭೂಮಂಡಲದ ಏಕೈಕ ಹೆಂಗಸು. ಈ ಸಂಜೆ ಮುದುಕನ ಬಾಯಿಂದಲೂ ಒಂದು ‘ಹೂಂ’ ಹೊರಡಿಸಬೇಕಿತ್ತು.

ಪಕ್ಕದ ಸೀಟಿನಲ್ಲಿ ನೆರೆಮನೆಯ ತೊಮಿಯೆ ಚಿಕ್ಕಮ್ಮ, ಬಟ್ಟೆಯಲ್ಲಿ ಕಟ್ಟಿದ ಉಡುಗೊರೆಯ ಕರಬೂಜವನ್ನು ಹಸುಗೂಸಿನಂತೆ ತಬ್ಬಿ ಕೂತಿದ್ದಳು. ಯಾರೂ ಕರೆದಿರಲಿಲ್ಲ, ಅವಳು ಬರುವುದೇ ಹಾಗೆ.

ಅಂಚೆ ಕಚೇರಿಯ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಎದುರಿಗೆ ಮೂತಿ ಜಜ್ಜಿಹೋದ ಬಿಳಿ ಪುಟ್ಟ ಟ್ರಕ್ಕೊಂದು ನಿಂತಿತ್ತು.

“ಅಯ್ಯಯ್ಯೋ, ಅದು ಹಯಾಮಾ-ಸಾನ್ ಗಾಡಿ ಕಣೋ! ಆರ್ಸೋ ದೀಪ!”

“ಆರ್ತಿಲ್ಲ ಚಿಕ್ಕಮ್ಮಾ! ಅವ್ರೂ ಆರ್ಸಿಲ್ವಲ್ಲ?”

“ನಿನ್ನ ಪರೀಕ್ಷೆ ಮಾಡ್ತಿದ್ದಾರೆ, ಮಂಕೇ! ನೋಡು, ಕೈ ಬೇರೆ ಆಡಿಸ್ತಿದ್ದಾರೆ. ಕಣ್ಣು ಕುಕ್ತಿದೆ ಪಾಪ!”

ಕುಮೆದಾ ಸಿಕ್ಕಿದ್ದನ್ನೆಲ್ಲ ಒತ್ತಿದ. ವೈಪರ್ ಕುಣಿಯಿತು. ಗಾಜಿಗೆ ನೀರು ಚಿಮ್ಮಿತು. ಹಿಂದಿನ ಡಿಕ್ಕಿ ಆಕಳಿಸಿತು. ಕೊನೆಗೆ ಹೈ ಬೀಮೇ ಹೊತ್ತಿ, ಮುದುಕನ ಟ್ರಕ್ಕು ಮದುವೆ ಮಂಟಪದಂತೆ ಝಗಝಗಿಸಿತು.

“ಮುಚ್ಚೋ, ಏನಾದ್ರೂ ಹಾಕಿ ಮುಚ್ಚು!”

ಅವನು ಹೊರಗೆ ಹಾರಿ ಒಂದು ದೀಪಕ್ಕೆ ಹೊಸ ಕೋಟು ಹೊದಿಸಿದ. ಮುದುಕನ ಕೈ ಇನ್ನೂ ಜೋರಾಗಿ ಆಡಿತು. ಇನ್ನೊಂದಕ್ಕೆ ಕರಬೂಜದ ಬಟ್ಟೆ. ಬೆತ್ತಲಾದ ಕರಬೂಜ ಉರುಳಿ ಚರಂಡಿಯ ಪಾಲಾಯಿತು. ಕುಮೆದಾ ಎರಡು ದೀಪಗಳ ನಡುವೆ ನಿಂತು, ಹಣೆ ಮೊಣಕಾಲಿಗೆ ತಾಗುವಂತೆ ಬಾಗಿ ನಮಸ್ಕರಿಸಿದ. ಹಸಿರು ಬಂತು, ಹೋಯಿತು, ಮತ್ತೆ ಬಂತು. ಹಿಂದೆ ಸಮುದ್ರದವರೆಗೂ ಕಾರುಗಳು ಸಾಲುಗಟ್ಟಿದವು. ಆದರೆ ಹಾರ್ನ್ ಮಾಡಿ ಇಂಥ ವಿನಯಕ್ಕೆ ಭಂಗ ತರುವಷ್ಟು ಪಾಪಿಗಳು ನಮ್ಮೂರಲ್ಲಿಲ್ಲ. ಅವನು ತಲೆ ಎತ್ತುವಷ್ಟರಲ್ಲಿ ಟ್ರಕ್ಕು ಹೋಗಿತ್ತು. ಹೊದಿಕೆ ತೆಗೆಯಲು ಧೈರ್ಯ ಬಾರದೆ ಹಾಗೆಯೇ ಕಾರು ಓಡಿಸಿಕೊಂಡು ಹೋದ.

ಹಯಾಮಾನ ಮನೆಯಲ್ಲಿ ಸಾಕೆ ಮದ್ಯ ಬಿಸಿಯಾಗಿತ್ತು, ಮೀನು ಹೆಚ್ಚಿಟ್ಟಾಗಿತ್ತು, ಚಿಜುರು ನಗುತ್ತಿದ್ದಳು. ಮುದುಕ ಕುಮೆದಾನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತಲೆದೂಗಿದ. ‘ಹೂಂ’ ತುಟಿಯವರೆಗೂ ಬಂದಿತ್ತು.

“ಇವತ್ತು ಸಿಗ್ನಲ್ಲಲ್ಲಿ ಒಬ್ಬನ್ನ ನೋಡ್ದೆ,” ಎಂದ ಮುದುಕ. “ದೀಪಕ್ಕೆ ಕೋಟು ಹೊದಿಸಿ ಬಗ್ಗಿ ನಿಂತಿದ್ದ. ಮುಖ ಕಾಣ್ಲಿಲ್ಲ.”

ಕುಮೆದಾನ ಎದೆ ಉಬ್ಬಿತು. ಚಿಕ್ಕಮ್ಮ ಮೊಣಕೈಯಿಂದ ತಿವಿದಳು: “ಹೇಳೋ!”

“ಆ ಮನುಷ್ಯ ನಾನೇ, ಮಾವನೋರೇ!”

“ಓಹೋ,” ಎಂದ ಹಯಾಮಾ ಬಟ್ಟಲು ಕೆಳಗಿಟ್ಟು. “ಹೋದ ತಿಂಗಳು ನಾನೂ ಸಿಗ್ನಲ್ಲಲ್ಲಿ ದೀಪ ಆರಿಸ್ದೆ. ಮತ್ತೆ ಹಾಕೋದು ಮರ್ತೆ. ಕತ್ತಲಲ್ಲಿ ನಮ್ಮ ಗೇಟಿನ ಮುಂದಿನ ಕಾಲುವೆಗೇ ಗಾಡಿ ಸಮೇತ ಬಿದ್ದೆ. ಕಪ್ಪೆಗಳ ಜೊತೆ ಕೂತು ಶಪಥ ಮಾಡಿದೀನಿ: ದೀಪ ಆರಿಸೋನಿಗೆ ಮಗಳನ್ನ ಕೊಡಲ್ಲ. ಆರಿಸ್ಬೇಡ ಅಂತ ಕೈ ಬೀಸಿದ್ರೆ, ಇನ್ನೊಂದನ್ನೂ ಮುಚ್ಚಿದ್ಯಲ್ಲಯ್ಯಾ!”

ಮೀನು ತಟ್ಟೆಯಲ್ಲೇ ಉಳಿಯಿತು. ಮುದುಕ ಸಜ್ಜನ, ಗೇಟು ದಾಟಿ ರಸ್ತೆಯವರೆಗೂ ಬಂದು ಬೀಳ್ಕೊಟ್ಟ. “ಮನೆಗೆ ಹೋಗೋವಾಗ್ಲಾದ್ರೂ ದೀಪ ಹಾಕ್ಕೊಂಡು ಹೋಗು.”

ಕುಮೆದಾ ಕೋಟನ್ನೂ ಬಟ್ಟೆಯನ್ನೂ ಕಿತ್ತೆಸೆದು ಕಾರು ಚಾಲೂ ಮಾಡಿದ. ಎರಡು ಸೂರ್ಯರು ಒಟ್ಟಿಗೆ ಹುಟ್ಟಿ ಮುದುಕನ ಮುಖಕ್ಕೆ ರಾಚಿದರು.

“ಹಾಂ! ಹೀಗಿರ್ಬೇಕು!” ಎಂದ ಹಯಾಮಾ, ಆ ಸಂಜೆ ಮೊದಲ ಸಲ ಮುಖವರಳಿಸಿ. ಕಣ್ಣು ಕೋರೈಸಿ ಎರಡು ಹೆಜ್ಜೆ ಹಿಂದೆ ಇಟ್ಟ.

ದುಡುಮ್! ಕಪ್ಪೆಗಳು ಹಳೆಯ ಪರಿಚಯದ ಸಲಿಗೆಯಲ್ಲಿ ವಟಗುಟ್ಟಿದವು.

“ಆರ್ಸೋ, ಆರ್ಸೋ!” ಚೀರಿದಳು ಚಿಕ್ಕಮ್ಮ.

ಕುಮೆದಾ ಒತ್ತಿದ. ವೈಪರ್ ಕುಣಿಯಿತು.