ಮೂವತ್ತೊಂದು ಗುಣ ಕೂಡಿದ ಮದುವೆ

ನನ್ನ ಹೆಂಡತಿ ಸ್ವಾತಿಗೆ ಇರೋದು ಒಬ್ಬನೇ ತಮ್ಮ, ಇಂದ್ರೇಶ. ಅವನ ಮದುವೆ ಸೊಲ್ಲಾಪುರದಲ್ಲಿ ಆದಾಗ ಇವಳು ಹದಿನೈದು ದಿನದ ಬಾಣಂತಿ. ನೋಡಲಾಗಲಿಲ್ಲವೆಂದು ಇವಳು ಸುರಿಸಿದ ಕಣ್ಣೀರಿಗೆ ನಮ್ಮ ಅರಸೀಕೆರೆಯ ಕೆರೆ ಕೋಡಿ ಬೀಳಬೇಕಿತ್ತು. ಕೊನೆಗೆ ಇಂದ್ರೇಶ ಮದುವೆಯ ವಿಡಿಯೋವನ್ನು ಇಂಟರ್‌ನೆಟ್ಟಿಗೆ ಹಾಕಿದ. ನಮ್ಮ ಮನೆಗೆ ಆಗತಾನೇ ಬ್ರಾಡ್‌ಬ್ಯಾಂಡ್ ಬಂದಿತ್ತು. ‘ಇಳಿಸಿಕೊಡೋದು ನನ್ನ ಜವಾಬ್ದಾರಿ’ ಎಂದು ಭಗೀರಥನ ಹಾಗೆ ಎದೆ ತಟ್ಟಿಕೊಂಡೆ.

ಗಂಗೆ ಒಂದು ಹಗಲು, ಒಂದು ರಾತ್ರಿ ಇಳಿದಳು. ತೆಗೆದು ನೋಡಿದರೆ, ಮದುಮಗನ ಮೂಗಿನವರೆಗೆ ಬಂದು ಚಿತ್ರ ನಿಂತೇಹೋಯಿತು!

“ಫೈಲು ಕೆಟ್ಟಿದೆ ಭಾವ,” ಎಂದು ಇಂದ್ರೇಶ ಫೋನಿನಲ್ಲೇ ರೋಗ ಹೇಳಿದ. “ಮತ್ತೆ ಇಳಿಸಿ. ಒಂದೊಂದು ಫೈಲಿಗೂ ಮೂವತ್ತೆರಡು ಅಕ್ಷರದ ಗುರುತು ಇರ್ತದೆ. ನನ್ನ ಫೈಲಿಂದು ಹೇಳ್ತೀನಿ, ಬರ್ಕೊಳ್ಳಿ. ನೀವು ಇಳಿಸಿದ್ದರ ಗುರುತಿನ ಜೊತೆ ಕೂಡಿದ್ರೆ ಫೈಲು ಸರಿ.”

“ಜಾತಕ ಕೂಡಿಸ್ದಂಗೆ ಅನ್ನು,” ಎಂದಳು ನಮ್ಮವ್ವ.

ಬರೆದುಕೊಂಡೆ. ಇಳಿಸಿದೆ. ಮೂವತ್ತೊಂದು ಕೂಡಿತು, ಆರನೆಯದು ಕೂಡಲಿಲ್ಲ. ಅಳಿಸಿಹಾಕಿದೆ. (ಮಿಕ್ಸಿಯಿಂದಲೇ ಲೈನು ಕೆಡುತ್ತಿದೆಯೆಂದು ಮಿಕ್ಸಿ ನಿಷೇಧಿಸಿ ಶಾಸನ ಹೊರಡಿಸಿದೆ. ಒರಳಲ್ಲಿ ಚಟ್ನಿ ರುಬ್ಬುವ ಕೆಲಸ ಶಾಸನಕರ್ತನಿಗೇ ಬಿತ್ತು.) ಫೋನಿನ ವೈರು ಬದಲಿಸಿ ಇನ್ನೊಮ್ಮೆ ಇಳಿಸಿದೆ. ಮತ್ತೆ ಆರನೆಯದೇ! ಅದನ್ನೂ ಅಳಿಸಿದೆ.

“ಮೂವತ್ತೊಂದು ಸಾಲ್ದೇನ್ರೀ?” ಎಂದಳು ಸ್ವಾತಿ. “ನಮ್ಮಿಬ್ರ ಜಾತಕದಲ್ಲಿ ಹದಿನೆಂಟೇ ಗುಣ ಕೂಡಿದ್ದು. ಬಾಳ್ತಾ ಇಲ್ವಾ?”

“ಇದು ಕಂಪ್ಯೂಟರ್ ಕಣೇ. ಹೊಂದ್ಕೊಂಡು ಹೋಗಲ್ಲ.”

“ನೀವು ಭಾಳ ಹೊಂದ್ಕೊಂಡು ಹೋಗ್ತೀರ!”

ಮತ್ತೊಂದು ಸಲ ಇಳಿಯಲು ಬಿಟ್ಟೆ. ಮಾರನೆಯ ದಿನ ಒರಳ ಮುಂದೆ ಕೂತಿದ್ದಾಗ ನಡುಮನೆಯಿಂದ ಓಲಗ ಕೇಳಿಸಿತು. ಚಟ್ನಿ ಕೈಯಲ್ಲೇ ಓಡಿದೆ. ಅತ್ತೆ ಸೊಸೆ ಇಬ್ಬರೂ ಕಂಪ್ಯೂಟರ್ ಮುಂದೆ ಕೂತಿದ್ದರು.

“ಕೂಡ್ತಾ?”

“ಇಲ್ಲ. ಸುಮ್ನೆ ತೆಗ್ದೆ. ಪೂರ್ತಿ ಐತೆ ನೋಡಿ,” ಎಂದಳು ಸ್ವಾತಿ.

ಇಂದ್ರೇಶ ನಗುತ್ತಿದ್ದ, ಮೂಗಿನ ಕೆಳಗೂ.

ಫೋನ್ ಹಚ್ಚಿದೆ. “ಆರನೇ ಅಕ್ಷರ ಯಾವ್ದೋ?”

“ಡಿ ಭಾವ. ದಾವಣಗೆರೆ ಡಿ.”

ಇಳಿದ ಫೈಲಿನಲ್ಲಿ ಪ್ರತಿ ಸಲವೂ ಡಿಯೇ ಇತ್ತು; ನನ್ನ ಚೀಟಿಯಲ್ಲಿ ಬೇಲೂರಿನ ಬಿ ಕೂತಿತ್ತು.

ಸ್ವಾತಿ ಚೀಟಿಯನ್ನೂ ನನ್ನ ಕಿವಿಯನ್ನೂ ನೋಡಿದಳು. “ಅಂದ್ರೆ ಹಿಂದಿನವೆರಡೂ ಸರಿಯಾಗೇ ಇದ್ವು. ಎರಡು ಸಲ ನನ್ನ ತಮ್ಮನ ಮದುವೆ ಮುರಿದ್ರಿ!”

ಅಷ್ಟರಲ್ಲಿ ವಿಡಿಯೋದಲ್ಲಿ ಮಾಂಗಲ್ಯಧಾರಣೆ. ಇಬ್ಬರೂ ಎದ್ದು ನಿಂತು, ಕಣ್ಣೊರೆಸಿಕೊಂಡು, ಮಾನಿಟರಿಗೆ ಅಕ್ಷತೆ ಹಾಕಿದರು. ಅಷ್ಟೂ ಕಾಳು ಕೀಬೋರ್ಡಿನ ಸಂದಿಗೆ ಇಳಿಯಿತು. ಅದೆಷ್ಟು ಬೇಗ ಇಳಿಯಿತು ಅಂತೀರಿ!

ಸೂಜಿ ಹಿಡಿದು ಹೆಕ್ಕುತ್ತ ಕೂತೆ.

“ಒಂದು ಕಾಳೂ ಬಿಡ್ಬೇಡಿ,” ಎಂದಳು ಇವಳು, ಮದುವೆಯನ್ನು ಮೊದಲಿನಿಂದ ಹಾಕುತ್ತಾ.