ನಲವತ್ತೆರಡನೇ ಕಲ್ಲು

"ಹಳೇ ಕಟ್ಟಡಕ್ಕೆ ಕೈ ಹಾಕಿದೋರಿಗೆ ಬೆನ್ನುನೋವು ಬಂದರೂ ಬಂತು, ಬಿಟ್ಟರೂ ಬಿಟ್ಟಿತು. ನಗು ಮಾತ್ರ ತಪ್ಪಿದ್ದಲ್ಲ ಕಣೇ" ಎಂದು ನನಗೆ ಮೊದಲು ಹೇಳಿದವರು ಅರಸೀಕೆರೆ ಕಾಲೇಜಿನ ನಮ್ಮ ಇತಿಹಾಸದ ಮೇಡಂ. ಬೇಲೂರಿನ ಟ್ರಿಪ್ಪಿನಲ್ಲಿ ಅವರು ಶಿಲಾಬಾಲಿಕೆ ತೋರಿಸುತ್ತಿದ್ದರೆ ನಾವು ಪುಳಿಯೋಗರೆ ಡಬ್ಬಿ ನೋಡುತ್ತಿದ್ದೆವು. ಆ ಪಾಪಕ್ಕೋ ಏನೋ, ನಾನು ನಲವತ್ತು ದಾಟಿದ ಮೇಲೆ ಅವರೇ ಫೋನ್ ಮಾಡಿದರು. "ಮಾದಿಹಳ್ಳಿಯಿಂದಾಚೆ ಒಂದು ಕಲ್ಯಾಣಿ ಮಂಟಪ ಬೀಳೋ ಹಾಗಿದೆ. ಬಿಚ್ಚಿ ಮತ್ತೆ ಕಟ್ತಿದೀವಿ. ಭಾನುವಾರ ಬಾ." ಮೇಡಂ ಕರೆದಾಗ ಹೋಗದಿದ್ದರೆ ಈಗಲೂ ಹಾಜರಿ ಹೋಗುತ್ತೆ ಅನ್ನೋ ಭಯ. ಹೋದೆ.

೧. ಪಾನಕ

ಸುಣ್ಣದ ಗಾರೆಗೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಾರೆ. ಆ ನೀರು ಡ್ರಮ್ಮಿನಲ್ಲಿತ್ತು. ನಮ್ಮ ಜೊತೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದರು. ಬಿಸಿಲಿಗೆ ಬಾಯಾರಿ, ಬೆಲ್ಲದ ವಾಸನೆ ಹಿಡಿದು, ಪಾನಕ ಎಂದುಕೊಂಡು ಎರಡು ಲೋಟ ಕುಡಿದುಬಿಟ್ಟರು. ಅಳಲೆಕಾಯಿ ಹೊಟ್ಟೆಗೆ ಏನು ಮಾಡುತ್ತೆಂದು ನಿಮಗೆ ಗೊತ್ತು. ಮಧ್ಯಾಹ್ನವೆಲ್ಲ ಅವರು ಕಾಣಲಿಲ್ಲ. ಸಂಜೆ ಸೊರಗಿ ಬಂದವರನ್ನು ಮೇಸ್ತ್ರಿ ಸಮಾಧಾನ ಮಾಡಿದ: "ಗಾರೆ ಗಟ್ಟಿಯಾಗೋದೇ ಅದರಿಂದ ಸಾರ್. ನಿಮಗೆ ಯಾಕೋ ಉಲ್ಟಾ ಆಗೈತೆ."

೨. ಗೀಚಿದವರು ಯಾರು

ಬಿಚ್ಚಿದ ಕಲ್ಲುಗಳಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೆಯೋದು ನನ್ನ ಕೆಲಸ. ಯಾವ ಕಲ್ಲು ಎಲ್ಲಿತ್ತು ಅನ್ನೋದಕ್ಕೆ ಆ ನಂಬರೇ ಗತಿ. ಮುಂದಿನ ಭಾನುವಾರ ಹೋದರೆ ಕಲ್ಲುಗಳೆಲ್ಲ ಫಳಫಳ, ಒಂದೊಂದರ ಮೇಲೂ ಪುಟ್ಟ ರಂಗೋಲಿ. ಮಂಟಪದ ಪಕ್ಕದ ಮನೆಯ ಅಜ್ಜಿ ಪೊರಕೆ ಹಿಡಿದು ನಿಂತಿದ್ದರು.

"ದೇವ್ರ ಕಲ್ಲಿನ ಮ್ಯಾಲೆ ಯಾರೋ ಗೀಚಿದ್ರು ಕಣವ್ವ. ಒಂದೂ ಬಿಡ್ದಂಗೆ ತೊಳ್ದಿವ್ನಿ."

"ಗೀಚಿದ್ದು ನಾನೇ ಅಜ್ಜಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೋಡಿದ್ರೆ ಓದಿದೋಳಂಗೆ ಕಾಣ್ತೀಯ."

೩. ಮಿಕ್ಕಿದ ಕಲ್ಲು

ಬಿಚ್ಚುವ ಮೊದಲು ತೆಗೆದ ಫೋಟೋಗಳಿದ್ದವು, ಬಚಾವಾದೆ. ಈ ಸಲ ನಂಬರ್ ಕೊರೆದ ತಗಡಿನ ಬಿಲ್ಲೆಗಳನ್ನು ದಾರದಲ್ಲಿ ಕಟ್ಟಿದೆ. ನಲವತ್ತೊಂದು ಕಲ್ಲು ಹೊಂದಿದವು. ಒಂದು ಮಾತ್ರ ಯಾವ ಫೋಟೋದಲ್ಲೂ ಇಲ್ಲ. ಸೀಮೆಸುಣ್ಣದಲ್ಲಿ ಎಷ್ಟರವರೆಗೆ ಬರೆದಿದ್ದೆನೋ ನೆನಪಿರಲಿಲ್ಲ. ಫೋಟೋ ತೆಗೆದವರೇ ಬಿಟ್ಟಿರಬೇಕು ಅಂತ ಅದಕ್ಕೂ ನಲವತ್ತೆರಡು ಅಂತ ಕಟ್ಟಿದೆ.

ನಾಲ್ಕು ತಿಂಗಳಿಗೆ ಮಂಟಪ ಎದ್ದಿತು. ನಲವತ್ತೆರಡು ಕೆಳಗೇ ಉಳಿಯಿತು.

ಉಸ್ತುವಾರಿಯ ಇಂಜಿನಿಯರು ಬೆವರು ಒರೆಸಿಕೊಂಡರು. "ಕಲ್ಲು ಮಿಕ್ಕಿದೆ ಅಂದ್ರೆ ಒಳಗೆಲ್ಲೋ ಟೊಳ್ಳಿದೆ. ಯಾರ ತಲೆ ಮೇಲಾದ್ರೂ ಬಿದ್ದರೆ? ಚಾವಣಿ ಇಳಿಸಬೇಕು."

ನಾಲ್ಕು ತಿಂಗಳ ಭಾನುವಾರಗಳು ಕಣ್ಣ ಮುಂದೆ ಬಂದವು. ನಂಬರ್ ಕಟ್ಟಿದವಳು ನಾನು. ಎಲ್ಲರೂ ನನ್ನ ಮುಖ ಬಿಟ್ಟು ಬೇರೆಲ್ಲ ಕಡೆ ನೋಡಿದರು. ಊರುಗೋಲು ಹಿಡಿದು ಬಂದಿದ್ದ ಮೇಡಂ ಆ ಕಲ್ಲನ್ನು ಸವರಿ, ಕ್ಲಾಸಿನ ಅದೇ ದನಿಯಲ್ಲಿ, "ಏನು ನುಣುಪು ನೋಡೇ. ಇದು ಹೊಯ್ಸಳರ ಕೈ" ಅಂದರು. ಇಪ್ಪತ್ತು ವರ್ಷದ ಹಿಂದೆ ಕೇಳಿಸಿಕೊಳ್ಳದ್ದನ್ನು ಅವತ್ತು ಭಕ್ತಿಯಿಂದ ಕೇಳಿಸಿಕೊಂಡೆ.

ಚಾವಣಿ ಇಳಿಸೋಕೆ ಸರಪಳಿ ಬಿಗಿಯುತ್ತಿದ್ದಾಗ ಅಜ್ಜಿ ಬಟ್ಟೆ ಗಂಟು ಹೊತ್ತು ಬಂದರು.

"ಆ ಕಲ್ಲು ಬ್ಯಾಡ್ವಾ ನಿಮ್ಗೆ? ಬ್ಯಾಡ್ದಿದ್ರೆ ಕೊಟ್ಬಿಡ್ರವ್ವ."

"ನಿಮಗ್ಯಾಕಜ್ಜಿ?"

"ನಂದೇ ಕಣವ್ವ, ಬಟ್ಟೆ ಒಗೆಯೋ ಕಲ್ಲು. ನಿಮ್ಮ ಕಲ್ಲು ತೊಳೀವಾಗ ಅದ್ನೂ ಇಲ್ಲೇ ತೊಳ್ದಿಟ್ಟಿದ್ದೆ. ನೀನು ಬಿಲ್ಲೆ ಕಟ್ದೆ. ಸರ್ಕಾರ ಹಿಡ್ಕಂತು ಅಂತ ಸುಮ್ಕಾದೆ. ನಾಕು ತಿಂಗ್ಳಿಂದ ಮಾದಿಹಳ್ಳಿ ಮಗಳ ಮನೇಗೋಗಿ ಒಗ್ಕೊಂಡ್ ಬತ್ತೀನಿ. ಹೆಂಗೂ ಬಸ್ಸು ಫ್ರೀ ಐತಲ್ಲ."

ಸರಪಳಿ ಸಡಿಲವಾಯಿತು. ಮೇಡಂ ಕಲ್ಲಿನ ಮೇಲಿಂದ ಮೆಲ್ಲಗೆ ಕೈ ತೆಗೆದರು. "ಯಾರ ಕೈ ಆದರೇನು," ಅಂದರು, "ನುಣುಪಂತೂ ನಿಜ."

ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ನಾಲ್ಕು ಜನಕ್ಕೆ ಹೇಳು" ಅಂದರು. ಹೇಳಿದ್ದೇನೆ. ಇನ್ನು ನಿಮ್ಮ ಸರದಿ. ಯಾರಾದರೂ ಹಳೇ ಮಂಟಪ ಬಿಚ್ಚಲು ಹೊರಟರೆ ತಿಳಿಸಿ: ನಂಬರ್ ಕಟ್ಟುವ ಮೊದಲು ಕಲ್ಲನ್ನೊಮ್ಮೆ ಮೂಸಿ ನೋಡಲಿ, ಸೋಪಿನ ವಾಸನೆ ಇದ್ದರೂ ಇರಬಹುದು.